3.3 ವೋಲ್ಟ್ ಬೋರ್ಡ್‌ಗೆ 5 ವೋಲ್ಟ್ ಸೆನ್ಸರ್ ಜೋಡಿಸುವ ಮುನ್ನ
ಸದಸ್ಯರೆಲ್ಲರ ಗಮನಕ್ಕೆ,

ಆರ್ಡುಯಿನೊ ಉನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡ್‌ನ ಪಿನ್‌ಗಳು 5 ವೋಲ್ಟ್‌ನಲ್ಲಿ ಕೆಲಸ ಮಾಡಿದರೆ, ಅಂಥದ್ದೇ ಇನ್ನೊಂದು ಬೋರ್ಡ್ ಆದ ಇಎಸ್‌ಪಿ32ರ ಪಿನ್‌ಗಳು 3.3 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಆದ್ದರಿಂದ ಉನೊಗಾಗಿ ಬರೆದ ಸರ್ಕ್ಯೂಟ್ ಚಿತ್ರವನ್ನು ನೋಡಿ ಇಎಸ್‌ಪಿ32ಗೆ ತಂತಿ ಜೋಡಿಸುವ ಮುನ್ನ, ಸೆನ್ಸರ್‌ನಿಂದ ಹೊರಬರುವ ಸಂಕೇತ ಎಷ್ಟು ವೋಲ್ಟ್‌ನದೆಂದು ಅದರ ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ತಾಂತ್ರಿಕ ವಿವರಪತ್ರದಲ್ಲಿ) ದಯವಿಟ್ಟು ಓದಿಕೊಳ್ಳಿ.

ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್‌ನಲ್ಲಿ ಅಳತೆಯ ಸಂಕೇತ ಹೊರಬರುವ ಎಕೋ ಪಿನ್ 5 ವೋಲ್ಟ್ ಸಂಕೇತವನ್ನು ಕೊಡುತ್ತದೆ. ಅದನ್ನು ಇಎಸ್‌ಪಿ32ಗೆ ನೇರವಾಗಿ ಜೋಡಿಸಿದರೆ ಚಿಪ್ ಕೂಡಲೇ ಕೆಡದಿರಬಹುದು, ಮತ್ತು ಹೆಚ್ಚಿನ ಅಪಾಯವಿರುವುದು ಅಲ್ಲಿಯೇ: ಎಲ್ಲವೂ ಸರಿಯಿದೆಯೆಂದು ನಂಬಿ ನಾವು ಮುಂದುವರಿಯುತ್ತಿರುವಾಗ ಪಿನ್ ತನ್ನ ಮಿತಿ ಮೀರಿದ ವೋಲ್ಟೇಜನ್ನು ಸಹಿಸುತ್ತಿರುತ್ತದೆ. ಎಕೋ ಪಿನ್‌ನಿಂದ 1 ಕಿಲೋಓಮ್ ರೆಸಿಸ್ಟರ್, ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ, ಎರಡೂ ಸೇರುವ ಬಿಂದುವಿನಿಂದ ಸಂಕೇತ ಪಡೆದರೆ ಅದು ಸುಮಾರು 3.3 ವೋಲ್ಟ್‌ಗೆ ಇಳಿಯುತ್ತದೆ. ಸೆನ್ಸರ್ ಮತ್ತು ಬೋರ್ಡ್‌ಗಳ ಗ್ರೌಂಡ್ ಒಂದೇ ಆಗಿರಲೇಬೇಕು.

ಕೆಲವು ಸೆನ್ಸರ್‌ಗಳು ಬೋರ್ಡ್‌ನೊಂದಿಗೆ ಮಾಹಿತಿ ಹಂಚಿಕೊಳ್ಳಲು ಬಳಸುವ ಐ2ಸಿ ತಂತಿಗಳಲ್ಲಿ ಸಂಕೇತ ಎರಡೂ ದಿಕ್ಕಿಗೆ ಹರಿಯುವುದರಿಂದ ಅಲ್ಲಿ ಈ ಉಪಾಯ ಸಲ್ಲದು. ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಬಳಸಿದ, ವೋಲ್ಟೇಜ್ ಮಟ್ಟವನ್ನು ಬದಲಿಸುವ ಲೆವೆಲ್ ಶಿಫ್ಟರ್ ಮಾಡ್ಯೂಲ್ ಬಳಸಿ.

ಸಮಸ್ಯೆ ಕೇಳುವವರು ಬೋರ್ಡ್‌ನ ಫೋಟೊ ಮಾತ್ರವಲ್ಲದೆ, ಕೈಯಲ್ಲಿ ಬರೆದದ್ದಾದರೂ ಸರಿ, ಸರ್ಕ್ಯೂಟ್ ಚಿತ್ರವನ್ನೂ ಮಲ್ಟಿಮೀಟರ್‌ನಲ್ಲಿ ಅಳೆದ ಪೂರೈಕೆ ವೋಲ್ಟೇಜನ್ನೂ ಜೊತೆಗೆ ಕಳುಹಿಸಬೇಕೆಂದು ವಿನಂತಿಸುತ್ತೇನೆ.