ವಾಲಿಯ ವೇಷದವನಿಗೆ ಕಥೆ ಗೊತ್ತು: ಗೆಳೆಯನಿಗೊಂದು ಪತ್ರ

ನೀರ್ಚಾಲು, ಕಾಸರಗೋಡು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ‘ಕನಸು ಬೀಳುತ್ತಿರುವಾಗಲೇ ಇದು ಕನಸು ಅಂತ ಗೊತ್ತಾಗುವುದು ನಿಜವಾ, ಅಲ್ಲ ಯೂಟ್ಯೂಬಿನವರ ಬುರುಡೆಯಾ? ನಿಜವಾದರೆ ನನಗೊಮ್ಮೆ ಹಾರಬೇಕು ಮಾರಾಯ’ ಅಂತ ಬರೆದಿದ್ದೀಯ. ಇದಕ್ಕೆ ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿದರೆ ನಿನಗೂ ಸಮಾಧಾನ ಆಗದು, ನನಗೂ ಆಗದು. ಇನ್ನೂ ಕೆಲವರು ಇದನ್ನೇ ಕೇಳಿದ್ದರಿಂದ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕುವುದಿಲ್ಲ, ಹೆದರಬೇಡ.

ಬುರುಡೆಯಲ್ಲ, ನಿಜವೇ. ಅದಕ್ಕೆ ಪುರಾವೆಯೂ ಉಂಟು, ಅದೂ ಬಹಳ ಚಂದದ ಪುರಾವೆ. ನಮಗೆ ದಟ್ಟವಾದ ಕನಸು ಬೀಳುವುದು ರೆಮ್ ಎನ್ನುವ ನಿದ್ದೆಯಲ್ಲಿ. ಆ ಹೊತ್ತಿಗೆ ಮಿದುಳು ಕೈಕಾಲುಗಳ ಸ್ನಾಯುಗಳನ್ನು ಹೆಚ್ಚುಕಡಿಮೆ ಕಟ್ಟಿಹಾಕಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವ ಮಂಚದಿಂದ ಕೆಳಗೆ ಬಿದ್ದಿರುತ್ತಿದ್ದ. ಆದರೆ ಕಣ್ಣುಗುಡ್ಡೆಗಳಿಗೆ ಆ ಕಟ್ಟು ಇಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಹಿಡಿದದ್ದು ಈ ಸಂದನ್ನೇ. ಅಲನ್ ವರ್ಸ್ಲಿ ಎಂಬಾತನಿಗೆ ಅರಿವಿರುವ ಕನಸುಗಳು ಬೀಳುತ್ತಿದ್ದವು. ‘ಕನಸು ಅಂತ ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಇಷ್ಟು ಸಲ ಹೊರಳಿಸು’ ಅಂತ ಮೊದಲೇ ಮಾತಾಡಿಕೊಂಡರು. 1975ರ ಏಪ್ರಿಲಿನ ಒಂದು ಬೆಳಗ್ಗೆ ವರ್ಸ್ಲಿ ರೆಮ್ ನಿದ್ದೆಯಲ್ಲಿದ್ದಾಗಲೇ ಯಂತ್ರದ ಕಾಗದದ ಮೇಲೆ ಆ ಸಂಜ್ಞೆ ಗೀಟು ಗೀಟಾಗಿ ಮೂಡಿತು. ಕೆಲವು ವರ್ಷಗಳ ನಂತರ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಾಬರ್ಜ್, ಹಲ್‌ನ ಕೆಲಸದ ಸುದ್ದಿಯೇ ಇಲ್ಲದೆ, ಇದನ್ನೇ ಮಾಡಿ ತೋರಿಸಿದ. ಇಂಥ ಅರಿವಿರುವ ಕನಸಿಗೆ ಲೂಸಿಡ್ ಡ್ರೀಮ್ ಎನ್ನುವ ಹೆಸರು ಅದಕ್ಕೂ ಹಳತು. ಡಚ್ ವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲೇ ಅದನ್ನು ಬಳಸಿದ್ದ.

2021ರಲ್ಲಿ ಪ್ರಕಟವಾದ ಕೆಲಸ ಇನ್ನೂ ಮಜಾ ಉಂಟು. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ನಾಲ್ಕು ಪ್ರಯೋಗಾಲಯಗಳಲ್ಲಿ ಒಟ್ಟು 36 ಜನರನ್ನು ಮಲಗಿಸಿ, ಅವರು ಕನಸಿನಲ್ಲಿರುವಾಗಲೇ ಹೊರಗಿನಿಂದ ಸಣ್ಣ ಸಣ್ಣ ಲೆಕ್ಕ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು? ಮಲಗಿದವ ಕಣ್ಣನ್ನು ಎರಡು ಸಲ ಹೊರಳಿಸಿದ! ಹೆಚ್ಚಿನ ಸಲ ಉತ್ತರವೇ ಬರಲಿಲ್ಲ, ಸರಿಯುತ್ತರ ಬಂದದ್ದು ಐದರಲ್ಲಿ ಒಂದಕ್ಕಿಂತಲೂ ಸ್ವಲ್ಪ ಕಡಿಮೆ. ಆದರೂ ನಿದ್ದೆಯ ಆಚೆ ದಡದಲ್ಲಿರುವವನ ಹತ್ತಿರ ಲೆಕ್ಕ ಕೇಳಿ ಉತ್ತರ ಪಡೆಯುವುದೆಂದರೆ ಸಣ್ಣ ಮಾತಾ?

ಇನ್ನು ನಿನ್ನ ಹಾರುವ ಆಸೆ. ಇಲ್ಲಿ ನಿನಗೆ ಸ್ವಲ್ಪ ನಿರಾಸೆ ಮಾಡಬೇಕು. ಇದು ಕನಸು ಎಂಬ ಅರಿವು ಬೇರೆ, ಕನಸಿನ ಮೇಲಿನ ಹಿಡಿತ ಬೇರೆ. ಸಂಶೋಧಕರೂ ಇವೆರಡನ್ನು ಬೇರೆಯಾಗಿಯೇ ಅಳೆಯುತ್ತಾರೆ. ವೀಡಿಯೋ ಮಾಡುವವರು ಮಾರುವುದು ಹಿಡಿತವನ್ನು. ಹಾರಾಟ, ಅರಮನೆ, ಬೇಕಾದವರ ಭೇಟಿ. ನನಗೆ ಮುಖ್ಯ ಅಂತ ಕಂಡದ್ದು ಅರಿವು.

ನನ್ನದೊಂದು ಕನಸು ಹೇಳುತ್ತೇನೆ. ನಾನು ಊರಿನ ಯಕ್ಷಗಾನ ಸಂಘದಲ್ಲಿ ಅರ್ಥ ಹೇಳುವುದು, ಅಂದರೆ ಪಾತ್ರದ ಮಾತನ್ನು ಆಗಿಂದಾಗಲೇ ಕಟ್ಟಿ ಆಡುವುದು, ನಿನಗೆ ಗೊತ್ತಲ್ಲ. ಹಾಗಾಗಿ ನನಗೆ ಪದೇಪದೇ ಬೀಳುವುದು ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಕನಸು. ವೇಷ ಕಟ್ಟಿ ಆಗಿದೆ, ಚೆಂಡೆ ಕೇಳುತ್ತಾ ಉಂಟು, ಪ್ರಸಂಗ ಯಾವುದು ಅಂತ ಮಾತ್ರ ಗೊತ್ತಿಲ್ಲ. ಯಾರ ಹತ್ತಿರ ಕೇಳಿದರೂ ನಗುತ್ತಾರೆ. ಒಂದು ಸಲ ಅದೇ ಗಡಿಬಿಡಿಯಲ್ಲಿ ಕೈ ನೋಡಿಕೊಂಡೆ. ಬೆರಳು ಎಣಿಸಲಿಕ್ಕೇ ಆಗುತ್ತಿಲ್ಲ, ಐದಕ್ಕೆ ನಿಲ್ಲುವುದೇ ಇಲ್ಲ. ಓಹೋ, ಇದು ಕನಸು ಅಂತ ಆಗ ಹೊಳೆಯಿತು. ಹೊಳೆದ ಮೇಲೆ ಹೆದರಿಕೆ ಹಾರಿಹೋಗುತ್ತದೆ ಅಂತ ನೀನು ಎಣಿಸಬಹುದು. ಹೋಗಲಿಲ್ಲ ಮಾರಾಯ! ಕನಸು ಅಂತ ಗೊತ್ತು, ರಂಗಸ್ಥಳಕ್ಕೆ ಹೋಗದಿದ್ದರೂ ಯಾರೂ ಬೈಯುವುದಿಲ್ಲ ಅಂತಲೂ ಗೊತ್ತು, ಆದರೂ ಎದೆ ಡವಡವ ಹೊಡೆದುಕೊಳ್ಳುತ್ತಲೇ ಇತ್ತು. ಬೇರೆಯಾದದ್ದು ಒಂದೇ. ಹೊಡೆದುಕೊಳ್ಳುವುದನ್ನು ನೋಡುವವನೊಬ್ಬ ಅಲ್ಲಿಗೆ ಬಂದು ಕೂತಿದ್ದ. ಆ ಪುರುಸೊತ್ತಿನಲ್ಲಿ ಸುತ್ತ ಕಣ್ಣಾಡಿಸಿದೆ. ಬಣ್ಣದ ತಟ್ಟೆ, ಕಿರೀಟದ ಮೇಲಿನ ಧೂಳು, ಪಕ್ಕದಲ್ಲಿ ಕೂತವನ ಮುಖದಲ್ಲಿ ಬೆವರಿಗೆ ಕರಗಿದ ಅರದಾಳದ ಬಣ್ಣ, ಎಲ್ಲ ಎಷ್ಟು ಸ್ಪಷ್ಟ! ಹಾರುವ ಯೋಚನೆ ಬರಲೇ ಇಲ್ಲ.

ಆಮೇಲೆ ಯೋಚಿಸುವಾಗ ಅನಿಸಿದ್ದು, ಈ ಸ್ಥಿತಿ ನಮ್ಮ ಸೀಮೆಯವರಿಗೆ ಹೊಸತೇ ಅಲ್ಲ ಅಂತ. ವಾಲಿಯ ಅರ್ಥ ಹೇಳುವವನನ್ನು ನೆನಪು ಮಾಡಿಕೊ. ಬಾಣ ಬೀಳುತ್ತದೆ ಅಂತ ಅವನಿಗೆ ಗೊತ್ತು. ಮರದ ಮರೆಯಲ್ಲಿ ಯಾರಿದ್ದಾರೆ ಅಂತ ಗೊತ್ತು. ತಾನು ವಾಲಿಯಲ್ಲ, ನಾಳೆ ಬೆಳಗ್ಗೆ ತೋಟಕ್ಕೆ ನೀರು ಬಿಡಬೇಕಾದವ ಅಂತಲೂ ಗೊತ್ತು. ಹಾಗಂತ ಕಥೆ ಅವನ ಕೈಯಲ್ಲಿಲ್ಲ. ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನೇ ಆದರೂ, ಕುಂಬಳೆ ಸೀಮೆಯವ ಎಂಬ ಸಲಿಗೆಗೆ ವಾಲಿಗೆ ಜೀವದಾನ ಸಿಗುವುದಿಲ್ಲ. ಸಾಯಲೇಬೇಕು. ಆದರೆ ಸಾಯುವ ಮೊದಲು ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ ಅಂತ ರಾಮನನ್ನು ಕೇಳುತ್ತಾನಲ್ಲ, ಅಲ್ಲಿ ಒಳ್ಳೆಯ ಅರ್ಥಧಾರಿ ಬೆಳಗಿನ ಜಾವದ ತೂಕಡಿಕೆಯವರನ್ನೂ ಎದ್ದು ಕೂರಿಸುತ್ತಾನೆ. ಪೂರ್ತಿ ಅರಿವು ಉಂಟು, ಕಥೆಯ ಮೇಲೆ ಹಿಡಿತ ಇಲ್ಲ, ಆದರೂ ಆಡುವ ಮಾತು ಅವನದೇ. ಅರಿವಿರುವ ಕನಸು ಎಂದರೆ ನನಗೆ ಹಾರಾಟಕ್ಕಿಂತ ಇದೇ ಹೆಚ್ಚು.

ಇದನ್ನು ಕಲಿಯುವುದು ಹಗಲಿನಲ್ಲಿ, ಮಂಚದಲ್ಲಿ ಅಲ್ಲ. ಪಾಲ್ ಥೋಲೆ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಹೇಳಿಕೊಟ್ಟ ದಾರಿ ಸರಳ. ದಿನದಲ್ಲಿ ಹಲವು ಸಲ ‘ನಾನು ಈಗ ಎಚ್ಚರದಲ್ಲಿದ್ದೇನಾ, ಕನಸಿನಲ್ಲಿದ್ದೇನಾ?’ ಎಂದು ಕೇಳಿಕೊಂಡು ನಿಜಕ್ಕೂ ಪರೀಕ್ಷೆ ಮಾಡಬೇಕು. ಹಗಲಿನ ಚಾಳಿ ರಾತ್ರಿಗೂ ಹೋಗುತ್ತದೆ ಎಂಬುದೇ ಲೆಕ್ಕಾಚಾರ. ಪರೀಕ್ಷೆಗಳು ಹಲವು ಉಂಟು. ಮೂಗು ಒತ್ತಿ ಹಿಡಿದು ಉಸಿರೆಳೆದು ನೋಡುವುದು ನನಗೆ ಹೆಚ್ಚು ಹಿಡಿಸಿದೆ. ಕನಸಿನಲ್ಲಿ ನೀನು ಒತ್ತಿದ್ದು ಕನಸಿನ ಮೂಗನ್ನು, ಮಂಚದ ಮೇಲಿನ ಮೂಗು ತೆರೆದೇ ಇರುತ್ತದೆ, ಹಾಗಾಗಿ ಉಸಿರು ಸಲೀಸಾಗಿ ಬರುತ್ತದೆ. ಅಕ್ಷರ ಓದಿ, ಮುಖ ತಿರುಗಿಸಿ, ಮತ್ತೆ ಓದುವುದು ಇನ್ನೊಂದು. ಕನಸಿನಲ್ಲಿ ಅಕ್ಷರ ಸಾಮಾನ್ಯವಾಗಿ ಬದಲಾಗಿರುತ್ತದೆ. ಬೆಂಗಳೂರಿನಲ್ಲಿ ನಿನಗೆ ಇದು ನಡೆದೀತು. ಕಾಸರಗೋಡಿನಲ್ಲಿ ಕಷ್ಟ. ಇಲ್ಲಿ ಹಾಡುಹಗಲೇ, ಕನ್ನಡದಲ್ಲಿದ್ದ ಬೋರ್ಡು ತಿರುಗಿ ನೋಡುವಷ್ಟರಲ್ಲಿ ಮಲಯಾಳ ಆಗಿರುತ್ತದೆ, ಯಾರೂ ನಿದ್ದೆ ಮಾಡಿರುವುದಿಲ್ಲ.

ಪರೀಕ್ಷೆಯನ್ನು ಬಾಯಿಪಾಠದ ಹಾಗೆ ಮಾಡಿದರೆ ಕನಸಿನಲ್ಲೂ ಬಾಯಿಪಾಠವೇ. ಕನಸಿನ ಬೆರಳು ಎಣಿಸಿ, ಏಳು ಉಂಟು, ಸರಿ ಅಂತ ಹೇಳಿ ಮುಂದೆ ಹೋಗುತ್ತೀಯ. ಪ್ರಶ್ನೆ ನಿಜವಾದ ಪ್ರಶ್ನೆಯಾಗಬೇಕು. ಅದಕ್ಕೆ ನಾನು ಬಳಸುವುದು ಇನ್ನೊಂದು ಕೇಳಿಕೆ: ಇಲ್ಲಿಗೆ ನಾನು ಬಂದದ್ದು ಹೇಗೆ? ಕನಸಿನಲ್ಲಿ ಯಾರೂ ಎಲ್ಲಿಗೂ ಬಂದಿರುವುದಿಲ್ಲ, ಇರುತ್ತಾರೆ ಅಷ್ಟೆ. ಎಚ್ಚರದಲ್ಲಾದರೆ ಬಂದ ದಾರಿ ನೆನಪಿರಬೇಕಲ್ಲ?

ಇರುವುದಿಲ್ಲ ಮಾರಾಯ. ನಾನು ಬೆಚ್ಚಿಬಿದ್ದದ್ದು ಅಲ್ಲೇ. ಕುಂಬಳೆಯಲ್ಲಿ ಬಸ್ಸು ಹತ್ತಿ ನೀರ್ಚಾಲಿನಲ್ಲಿ ಇಳಿದು ಈ ಪ್ರಶ್ನೆ ಕೇಳಿಕೊಂಡರೆ ಸೀತಾಂಗೋಳಿ ಕಳೆದದ್ದೇ ಗೊತ್ತಿಲ್ಲ. ಕಂಡಕ್ಟರನಿಗೆ ದುಡ್ಡು ಕೊಟ್ಟಿದ್ದೇನೆ, ಪಕ್ಕದವರ ಹತ್ತಿರ ಅಡಕೆಯ ರೇಟು ಮಾತಾಡಿದ್ದೇನೆ, ಬಸ್ಸಿನಲ್ಲಿ ಮಾತ್ರ ಇರಲಿಲ್ಲ. ಹಿಂದಿನ ದಿನದ ಯಾವುದೋ ಜಗಳದಲ್ಲಿ, ಎದುರಿನವನಿಗೆ ಕೊಡಬೇಕಿದ್ದ ಜವಾಬು ಕಟ್ಟುತ್ತಾ ಕೂತಿದ್ದೆ. ಚಾವಡಿಯಲ್ಲಿ ಅಡಕೆ ಸುಲಿಯುವಾಗಲೂ ಇದೇ ಕಥೆ. ಕೈ ಅದರಷ್ಟಕ್ಕೆ ಸುಲಿಯುತ್ತದೆ, ಎದುರಿಗೆ ಚೂಪಾದ ಕತ್ತಿ, ನಾನು ಇನ್ನೆಲ್ಲೋ. ಕನಸನ್ನು ಹಿಡಿಯಲು ಹಾಕಿದ ಬಲೆಗೆ ಬಿದ್ದದ್ದು ಹಗಲು. ಅಲ್ಲಿಂದ ಮೇಲೆ ರಾತ್ರಿ ಕನಸು ಗೊತ್ತಾಯಿತೋ ಇಲ್ಲವೋ ಎಂಬ ಚಿಂತೆ ನನಗೆ ಕಡಿಮೆಯಾಗಿದೆ. ಸಿಟ್ಟು ಬರುವಾಗ, ಸಿಟ್ಟು ಬರುತ್ತಾ ಉಂಟು ಅಂತ ಕಾಣುವುದು ಅಪರೂಪಕ್ಕಾದರೂ ಆಗುತ್ತದೆ. ಕಂಡ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ, ಚೌಕಿಯ ಹೆದರಿಕೆಯ ಹಾಗೆ ಅದೂ ಇದ್ದೇ ಇರುತ್ತದೆ. ಆಡುವ ಮಾತನ್ನು ಆರಿಸಿಕೊಳ್ಳುವಷ್ಟು ಜಾಗ ಮಾತ್ರ ಸಿಗುತ್ತದೆ.

‘ಹಾಗಾದರೆ ಎಚ್ಚರವೂ ಒಂದು ಕನಸೇ ಅಂತಲಾ?’ ಅಂತ ನೀನು ಕೇಳುತ್ತೀ, ನನಗೆ ಗೊತ್ತು. ಆ ಜಗಳ ನಮ್ಮ ಊರಿನದ್ದೇ. ಎಡನೀರು ಮಠದ ಅದ್ವೈತ ಪರಂಪರೆ ಒಂದು ಕಡೆ. ಮಾಂಡೂಕ್ಯ ಉಪನಿಷತ್ತಿನ ಮೇಲೆ ಕಾರಿಕೆ ಬರೆದ ಗೌಡಪಾದರು ಎಚ್ಚರದ ವಸ್ತುಗಳನ್ನೂ ಕನಸಿನವುಗಳ ಸಾಲಿನಲ್ಲೇ ಕೂರಿಸುತ್ತಾರೆ. ಆದರೆ ಶಂಕರರೇ ಬ್ರಹ್ಮಸೂತ್ರದ ಭಾಷ್ಯದಲ್ಲಿ, ಬಾಹ್ಯ ವಸ್ತುವೇ ಇಲ್ಲ ಎನ್ನುವವರಿಗೆ ಉತ್ತರ ಕೊಡುವಾಗ, ಎಚ್ಚರದ ಅನುಭವ ಕನಸಿನಂತಲ್ಲ, ಕನಸು ಎದ್ದ ಮೇಲೆ ಸುಳ್ಳಾಗುತ್ತದೆ, ಇದು ಹಾಗಲ್ಲ ಎನ್ನುತ್ತಾರೆ. ಎಲ್ಲ ಮಾಯೆ ಎಂದು ಸಾಲ ತೀರಿಸದೆ ತಿರುಗುವವರು ಆ ಭಾಗವನ್ನು ಓದಿರುವುದಿಲ್ಲ. ಇನ್ನೊಂದು ಕಡೆ, ಕಾವು ಮಠದ ತ್ರಿವಿಕ್ರಮ ಪಂಡಿತರು ಮಧ್ವಾಚಾರ್ಯರ ಜೊತೆ ದಿನಗಟ್ಟಲೆ ವಾದ ಮಾಡಿ ಶಿಷ್ಯರಾದದ್ದೂ ಇದೇ ಕುಂಬಳೆ ಸೀಮೆಯಲ್ಲಿ. ಮಧ್ವರ ಮತದಲ್ಲಿ ಕನಸೂ ಸತ್ಯ. ಮನಸ್ಸಿನ ವಾಸನೆಗಳಿಂದ, ಅಂದರೆ ಹಳೆಯ ಅನುಭವಗಳು ಬಿಟ್ಟ ಅಚ್ಚುಗಳಿಂದ, ದೇವರು ಮಾಡಿದ್ದು. ಅದನ್ನು ಎಚ್ಚರ ಅಂತ ತಿಳಿಯುವುದಷ್ಟೇ ಭ್ರಮೆ. ನಾನು ಹುಟ್ಟಿನಿಂದ ಯಾವ ಕಡೆ ಅಂತ ನಿನಗೆ ಗೊತ್ತು, ಆದರೆ ಚೌಕಿಯಲ್ಲಿ ಬೆರಳು ಎಣಿಸಿದವನಿಗೆ ಮಧ್ವರ ಮಾತೇ ಹೆಚ್ಚು ಹತ್ತಿರ. ಅಲ್ಲಿ ಕಂಡ ಕಿರೀಟ ಸುಳ್ಳು ಅಂತ ನನಗೆ ಅನಿಸಲಿಲ್ಲ.

ಸರಿ, ನಿನಗೆ ಬೇಕಾದ ಕ್ರಮ. ಬೆಳಗ್ಗೆ ಎದ್ದ ಕೂಡಲೇ ಅಲುಗಾಡದೆ ಮಲಗಿ ಕನಸನ್ನು ನೆನಪು ಮಾಡಿಕೊಂಡು ಬರೆದಿಡು, ಮೊಬೈಲು ಮುಟ್ಟುವ ಮೊದಲು. ಸ್ವಲ್ಪ ಸಮಯದಲ್ಲೇ ನಿನ್ನ ಚೌಕಿ ಯಾವುದು ಅಂತ ಗೊತ್ತಾಗುತ್ತದೆ. ಪರೀಕ್ಷೆಯ ಹಾಲೋ, ತಪ್ಪಿಹೋದ ರೈಲೋ, ಎಲ್ಲರಿಗೂ ಒಂದಿರುತ್ತದೆ. ಬೆಳಗಾಗುತ್ತಾ ರೆಮ್ ನಿದ್ದೆ ಉದ್ದವಾಗುತ್ತದೆ. ಆದ್ದರಿಂದ ಐದಾರು ಗಂಟೆ ನಿದ್ದೆಯಾದ ಮೇಲೆ ಒಮ್ಮೆ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು, ಈಗಷ್ಟೇ ಬಿದ್ದ ಕನಸಿನೊಳಗೆ ಅರಿವು ಬಂದ ಹಾಗೆ ಕಲ್ಪಿಸಿಕೊಳ್ಳುತ್ತಾ, ‘ಮುಂದಿನ ಕನಸಿನಲ್ಲಿ ಇದು ಕನಸು ಅಂತ ನೆನಪಾಗಬೇಕು’ ಎಂದು ಗಟ್ಟಿ ಮಾಡಿಕೊಂಡು ಮಲಗುವುದು. ಲಾಬರ್ಜನ ವಿಧಾನ ಇದು. ಕನಸು ಮಸುಕಾಗಲು ಶುರುವಾದರೆ ಅಲ್ಲೇ ಕೈ ಉಜ್ಜು, ಸ್ವಲ್ಪ ನಿಲ್ಲುತ್ತದೆ. ಶನಿವಾರ ರಾತ್ರಿ ಮಾತ್ರ ಮಾಡು. ಮರುದಿನ ಕೆಲಸವಿರುವಾಗ ನಿದ್ದೆ ಕೆಡಿಸಿಕೊಳ್ಳುವಷ್ಟು ದೊಡ್ಡ ವಿದ್ಯೆ ಅಲ್ಲ ಇದು. ಹೀಗೆ ಎದ್ದು ಮಲಗುವಾಗ ಕೆಲವೊಮ್ಮೆ ಎಚ್ಚರವಾಗಿಯೂ ಮೈ ಅಲುಗದೆ, ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ. ರೆಮ್ ನಿದ್ದೆಯ ಕಟ್ಟು ಬಿಚ್ಚಲು ತಡವಾದದ್ದು ಅದು. ನಿಧಾನ ಉಸಿರಾಡಿದರೆ ಬಿಡುತ್ತದೆ. ಮಂತ್ರವಾದಿಯನ್ನು ಕರೆಸಬೇಡ. ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುತ್ತಿರುವವರಿಗೆ, ನಿಜ ಯಾವುದು ಭ್ರಮೆ ಯಾವುದು ಎಂಬ ಗೊಂದಲ ಮೊದಲೇ ಇರುವವರಿಗೆ ಈ ಪತ್ರ ತೋರಿಸಬೇಡ. ಅವರಿಗೆ ಈ ಪ್ರಶ್ನೆ ಆಟವಲ್ಲ.

ಕೊನೆಗೆ, ಇಂಥ ಕನಸು ಬೀಳಲಿಕ್ಕೆ ಅಂತ ನೀನು ಲಿಂಕ್ ಕಳಿಸಿದ ಮಾತ್ರೆ. ಗ್ಯಾಲಂಟಮೈನ್ ಅಂದರೆ ಅಲ್ಜೈಮರ್ಸ್ ಇರುವವರಿಗೆ ವೈದ್ಯರು ಕೊಡುವ ಮದ್ದು. 2018ರಲ್ಲಿ ಲಾಬರ್ಜ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ, 8 ಮಿಲಿಗ್ರಾಂ ತೆಗೆದುಕೊಂಡ ರಾತ್ರಿ 42 ಶೇಕಡಾ ಜನರಿಗೆ ಅರಿವಿರುವ ಕನಸು ಬಿದ್ದದ್ದು ಹೌದು, ಬರೀ ತೋರಿಕೆಯ ಮಾತ್ರೆ ತೆಗೆದುಕೊಂಡಾಗ 14 ಶೇಕಡಾ. ಆದರೆ ಅವರೆಲ್ಲ ಈ ವಿದ್ಯೆಯಲ್ಲಿ ಆಸಕ್ತಿಯಿಂದ ಪಳಗಿದವರು, ಮಾತ್ರೆಯ ಜೊತೆ ಮೇಲೆ ಹೇಳಿದ ಅಭ್ಯಾಸವನ್ನೂ ಮಾಡಿದವರು. ವಾಂತಿ, ತಲೆಸುತ್ತು, ಹೃದಯದ ಬಡಿತ ನಿಧಾನವಾಗುವುದು, ಇವೆಲ್ಲ ಆ ಮದ್ದಿನ ಅಡ್ಡ ಪರಿಣಾಮಗಳು. ನಿನಗೆ ಮೊದಲೇ ಬಿಪಿ. ಆರ್ಡರ್ ಮಾಡಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿ ನನಗೆ ಫೋನ್ ಮಾಡು.

ನಿನ್ನ
ನೀರ್ಚಾಲಿನ ಗೆಳೆಯ