ಅರ್ಧಕ್ಕೆ ಬಿಟ್ಟೆದ್ದ ತಾಟು

ಹುಬ್ಬಳ್ಳಿ
ರಾತ್ರಿ ಹನ್ನೊಂದೂವರೆ

ಪ್ರೀತಿಯ ಮಗಳಿಗೆ, ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾಳೆ ಅಮರಾವತಿ ಎಕ್ಸ್‌ಪ್ರೆಸ್ಸಿಗೆ ನೀನು ಫುಟ್‌ಬಾಲ್ ಕೋಚ್ ತರಬೇತಿಗೆಂದು ಕೋಲ್ಕತ್ತಕ್ಕೆ ಹೊರಡುವವಳು. ಇಂದು ರಾತ್ರಿ ನಾನು ಊಟದ ನಡುವೆ ತಾಟು ಬಿಟ್ಟು ಎದ್ದು ಹೋದೆ. ಏನೇನು ಮಾತಾಯಿತೆಂಬುದು ನಮ್ಮಿಬ್ಬರಿಗೂ ಗೊತ್ತಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ "ಅಜ್ಜನ ಪಾಠ ನಿಮಗ ಗೊತ್ತಿದ್ದರ ಹಿಂಗ ಎದ್ದು ಹೋಗ್ತಿರಲಿಲ್ಲ, ಅಪ್ಪಾ" ಎಂದು ನೀನು ಕಡೆಗೆ ಹೇಳಿದ ಮಾತು ನನ್ನನ್ನು ಮಲಗಗೊಡುತ್ತಿಲ್ಲ.

ಕಳೆದ ತಿಂಗಳು ಅಜ್ಜನ ವರ್ಷಾಂತಿಕದ ದಿನ ಬಂದವರೆಲ್ಲರ ಎದುರು ನಿಂತು ನೀನು ಗೋಲ್‌ಕೀಪರ್ ಹುಡುಗನ ಕಥೆ ಹೇಳಿದೆ. ರೈಲ್ವೆ ಮೈದಾನದ ಪಂದ್ಯದಲ್ಲಿ ಕಾಲ ಸಂದಿಯಿಂದ ಚೆಂಡು ಬಿಟ್ಟು ತಂಡವನ್ನು ಸೋಲಿಸಿದ ಆ ಹುಡುಗನನ್ನು ತಂಡ ನಡೆಸುತ್ತಿದ್ದ ಅಜ್ಜ ಮನೆಗೆ ಕರೆತಂದು ಉಣಿಸಿದರು, ಗೋಲಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ತಂಡವನ್ನು ಮನೆಯಂತೆ ನಡೆಸಬೇಕೆಂಬುದನ್ನು ಅವರಿಂದಲೇ ಕಲಿತೆ ಎಂದೆ. ಕೇಳಿದವರು ಕಣ್ಣೊರೆಸಿಕೊಂಡರು. ಆ ರಾತ್ರಿ ಆ ಮನೆಯಲ್ಲಿ ನಾನೂ ಇದ್ದೆನೆಂಬುದು ನಿನಗೆ ತಿಳಿಯದು, ಏಕೆಂದರೆ ಅಜ್ಜ ನಿನಗೆ ಹೇಳಿದ ಕಥೆಯಲ್ಲಿ ನಾನು ಬರುವುದಿಲ್ಲ.

ಆಗ ನಾನು ಆರನೆಯ ತರಗತಿಯಲ್ಲಿದ್ದೆ. ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮಗಿದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ. ಸಂಜೆ ವರ್ಕ್‌ಶಾಪಿನ ಭೋಂಗಾ ಆದೊಡನೆ ಅಜ್ಜ ಎಣ್ಣೆ ಮೆತ್ತಿದ ಅಂಗಿಯಲ್ಲೇ ಮೈದಾನಕ್ಕೆ ಹೋಗುತ್ತಿದ್ದರು, ನಾನು ಎದ್ದಿರುವಾಗ ಮನೆಗೆ ಬರುವುದೇ ಅಪರೂಪವಾಗಿತ್ತು. ಅಂದು ಶಾಲೆಯಲ್ಲಿ ನನಗೆ ಗಣಿತದಲ್ಲಿ ನೂರಕ್ಕೆ ನೂರು ಬಂದಿತ್ತು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಚಡ್ಡಿಯ ಕಿಸೆಯಲ್ಲಿಟ್ಟುಕೊಂಡು, ನಿದ್ದೆ ತಡೆದು ಬಾಗಿಲ ಬಳಿ ಕಾದಿದ್ದೆ. ಅಜ್ಜ ಆ ಹುಡುಗನೊಂದಿಗೆ ಬಂದರು, ನಾನು ದಿನಾ ಕೂಡುವ ಮಣೆಯ ಮೇಲೆ ಅವನನ್ನು ಕೂಡಿಸಿದರು. ಅವನ ಮೊಣಕಾಲಿನ ಮೇಲೆ ಎರೆಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ನನ್ನ ಅವ್ವ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಹುಡುಗನ ಕಣ್ಣೀರು ತಾಟಿಗೆ ಬೀಳುತ್ತಿದ್ದರೆ ಅಜ್ಜ ಅತ್ತ ನೋಡದೆ, "ಇನ್ನೊಂದು ಹಾಕ್ಕೊಳೋ" ಎಂದಷ್ಟೇ ಅನ್ನುತ್ತಿದ್ದರು. ಊಟವಾದ ಮೇಲೆ ಇಬ್ಬರೂ ಕಂದೀಲಿನ ಬಳಿ ಕುಳಿತು ಚರ್ಮದ ಚೆಂಡಿನ ಲೇಸು ಬಿಚ್ಚಿದರು, ಬ್ಲಾಡರ್ ತೆಗೆದು ತೂತು ಹುಡುಕಿದರು, ಹೊಲಿಗೆಯ ಮೇಲೆ ಔಡಲೆಣ್ಣೆ ಸವರಿದರು. ಮುಂದಿನ ಪಂದ್ಯಕ್ಕೆ ನೀನೇ ಕೀಪರ್ ಎಂದು ಬಾಯಿಬಿಟ್ಟು ಹೇಳದೆಯೇ ಹೇಳುವ ಅವರ ರೀತಿ ಅದು. ನಾನು ಬಾಗಿಲಲ್ಲಿಯೇ ನಿಂತಿದ್ದೆ. ಪೇಪರು ಕಿಸೆಯಲ್ಲಿಯೇ ಉಳಿಯಿತು. ಎರಡು ದಿನದ ಮೇಲೆ ಅವ್ವ ಚಡ್ಡಿ ಒಗೆಯುವಾಗ ಮುದ್ದೆಯಾಗಿ ಹೊರಬಂತು.

ನಲವತ್ತೈದು ವರ್ಷಗಳಾದರೂ ಲೆಕ್ಕ ಹಾಕುತ್ತಲೇ ಇದ್ದೇನೆ. ಅವರು ಕೇಳದೇ ಇದ್ದದ್ದು ತಪ್ಪೋ, ನಾನು ತೋರಿಸದೇ ಇದ್ದದ್ದು ತಪ್ಪೋ ತಿಳಿಯದು. ತೋರಿಸಿದ್ದರೆ ಅವರು ಎಣ್ಣೆಗೈಯಿಂದಲೇ ಅದನ್ನು ಹಿಡಿದು ಹುಡುಗನಿಗೂ ತೋರಿಸುತ್ತಿದ್ದರೇನೋ. ನಾನು ಮೈದಾನದ ಕಡೆ ಮತ್ತೆ ಹೋಗದಿದ್ದುದಕ್ಕೆ ಆ ಒಂದು ರಾತ್ರಿಯೇ ಕಾರಣವೆಂದರೆ ಸುಳ್ಳಾದೀತು, ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಬಾಗಿಲಲ್ಲಿಯೇ. ಹೀಗಾಗಿ ಅಜ್ಜನ ಪಾಠ ನನಗೆ ಗೊತ್ತಿಲ್ಲವೆಂದು ಹೇಳಬೇಡ, ಮಗಳೇ. ನಿನಗೆ ದೊರೆತ ಅಜ್ಜ ನಿವೃತ್ತಿಯಾದವರು, ಶಾಲೆಯ ಗೇಟಿನಲ್ಲಿ ಅರ್ಧ ಗಂಟೆ ಮೊದಲೇ ಬಂದು ನಿಲ್ಲುತ್ತಿದ್ದವರು, ನಿನ್ನ ಒಂದೊಂದು ಪೇಪರನ್ನೂ ಕೇಳಿ ಇಸಕೊಂಡು ನೋಡಿದವರು. ಅದನ್ನು ಕಂಡು ಒಳಗೊಳಗೇ ನಾನು ಹೊಟ್ಟೆಕಿಚ್ಚುಪಟ್ಟದ್ದೂ ಉಂಟು.

2023ರ ಮಾರ್ಚ್ 4ರಂದು ರಿಯಾಧ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು 54 ವರ್ಷಗಳ ಬಳಿಕ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ನೀವಿಬ್ಬರೂ ಮೊಬೈಲಿನ ಮುಂದೆ ತಲೆಗೆ ತಲೆ ತಾಗಿಸಿ ಕುಳಿತಿದ್ದಿರಿ. ನೀನು ಕುಣಿಯುತ್ತಿದ್ದರೆ, 1968-69ರ ಮೈಸೂರು ತಂಡದ ಗೆಲುವನ್ನು ನೆನೆದು ಅಳುತ್ತಿದ್ದ ಆ ಮುದುಕ, "ಗೆದ್ದವರನ್ನ ಎಲ್ಲಾರೂ ನೋಡ್ತಾರ, ಆ ಸೋತ ಹುಡುಗರ ಹತ್ರ ಯಾರು ಹೋಗ್ತಾರ ನೋಡವ್ವಾ" ಎಂದರು. ನಾನು ಒಳಗಿನ ಕೋಣೆಯಿಂದ ಕೇಳಿಸಿಕೊಂಡೆ.

ರಹೀಮ್ ಸಾಹೇಬರ ಕಥೆಯನ್ನೂ ನೀನು ಅವರಿಂದಲೇ ಕೇಳಿದವಳು. ಶಾಲೆಯ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಮರು ಕ್ಯಾನ್ಸರ್‌ನೊಂದಿಗೇ 1962ರಲ್ಲಿ ಭಾರತ ಫುಟ್‌ಬಾಲ್ ತಂಡವನ್ನು ಜಕಾರ್ತಾದ ಏಷ್ಯನ್ ಗೇಮ್ಸಿಗೆ ಕರೆದೊಯ್ದದ್ದು, ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಸಿಂಗರನ್ನು ಡಿಫೆನ್ಸಿನಿಂದ ತೆಗೆದು ಮುಂದೆ ಆಡಿಸಿದ್ದು, ಫೈನಲ್‌ನಲ್ಲಿ ಅವರೂ ಗೋಲು ಹೊಡೆದು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ್ದು, ಮರುವರ್ಷವೇ ರಹೀಮರು ತೀರಿಕೊಂಡದ್ದು, ಇವನ್ನೆಲ್ಲ ಅಜ್ಜ ಪುರಾಣದಂತೆ ಹೇಳುತ್ತಿದ್ದರು. ಆ ಹೊಲಿಗೆಯ ಮಾತು ಬಂದಾಗ ನಿನ್ನ ಕಣ್ಣು ಹೊಳೆಯುತ್ತದೆ; ನನಗೆ ಮಾತ್ರ ಆಪರೇಷನ್ ಆದ ನಿನ್ನ ಮೊಣಕಾಲು, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ ನೀನು ಕಾಣುತ್ತೀ. ನಾಳೆ ನಿನ್ನ ಕೈಕೆಳಗೆ ಹುಡುಗಿಯರು ಆಡುವರು. ನೋವಿದೆಯೆಂದು ಒಬ್ಬಳು ಹೇಳಿದರೆ ಮರುಮಾತಿಲ್ಲದೆ ಹೊರಗೆ ಕೂಡಿಸು. ಹೇಳದವಳ ನಡಿಗೆಯನ್ನೂ ಗಮನಿಸು. ಅವರ ಅಪ್ಪ-ಅವ್ವಂದಿರನ್ನು ವರ್ಷಕ್ಕೊಮ್ಮೆಯಾದರೂ ಮೈದಾನಕ್ಕೆ ಕರೆಸು. ಮತ್ತು ಎಂದಾದರೂ ನಿನಗೊಂದು ಮನೆಯಾದಾಗ, ಬಾಗಿಲಲ್ಲಿ ಯಾರಾದರೂ ಪೇಪರು ಹಿಡಿದು ನಿಂತಿದ್ದಾರೆಯೇ ಎಂದು ನೋಡು. ಉಪದೇಶ ಮಾಡಬಾರದೆಂದೇ ಬರೆಯಲು ಕುಳಿತೆ, ಆದರೂ ಬರುತ್ತಿದೆ.

"ಹುಡುಗಿ ಕೋಚ್ ಆದರ ಯಾರು ಮರ್ಯಾದಿ ಕೊಡ್ತಾರ" ಎಂದದ್ದು ನನ್ನ ತಪ್ಪು. ಆ ಮಾತು ನನ್ನ ಬಾಯಿಂದ ಬರಬಾರದಿತ್ತು. ಕೋಚ್ ತರಬೇತಿ ಕೊಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಪತ್ರ ಬಂದ ದಿನ ಅದನ್ನು ಆಫೀಸಿಗೆ ಒಯ್ದು ನಾಲ್ಕು ಜನರಿಗೆ ತೋರಿಸಿದವನೂ ನಾನೇ, ನಿನ್ನೆದುರು ಮಾತ್ರ ಮುಖ ಗಂಟು ಹಾಕಿಕೊಂಡೆ. ಅಜ್ಜ ಸೋತವನ ಎದುರಿನಿಂದಲೂ ಎದ್ದವರಲ್ಲ. ನಾನು ಗೆದ್ದು ಬಂದ ಮಗಳ ಎದುರಿನಿಂದ ಎದ್ದುಹೋದೆ. ನನ್ನನ್ನು ಕ್ಷಮಿಸು.

ಮೊಣಕಾಲಿನ ಕ್ಯಾಪನ್ನು ಬ್ಯಾಗಿನ ಬದಿಯ ಕಿಸೆಯಲ್ಲಿಟ್ಟಿದ್ದೇನೆ. ಅಲ್ಲಿ ಮೊದಲ ತಿಂಗಳು ನೀರು ಕಾಯಿಸಿ ಕುಡಿ. ಗದಗಿನಲ್ಲಿ ಗಾಡಿ ನಿಂತಾಗ ನಿನ್ನ ಅತ್ತೆ ಬೆಟಗೇರಿಯಿಂದ ರೊಟ್ಟಿಯ ಡಬ್ಬಿ ತಂದಿರುತ್ತಾಳೆ, ಬಾಗಿಲ ಹತ್ತಿರ ಬಂದು ನಿಲ್ಲು. ಬೆಳಿಗ್ಗೆ ನಾಷ್ಟಾಕ್ಕೆ ನನ್ನನ್ನು ಎಬ್ಬಿಸು, ನಾನೂ ನಿನ್ನೊಂದಿಗೆ ಕೂಡುತ್ತೇನೆ.

ನಿನ್ನ
ಅಪ್ಪ