ಜಾಥಾ ಸಾಕು, ಮದ್ದು ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಜೂನ್ 26 ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ. ಅಂದು ಜಾಥಾ ಹೊರಡುತ್ತದೆ, ಮಕ್ಕಳು ಫಲಕ ಹಿಡಿದು ನಿಲ್ಲುತ್ತಾರೆ, ಗಣ್ಯರು ಪ್ರತಿಜ್ಞೆ ಬೋಧಿಸುತ್ತಾರೆ. 27ರಿಂದಾಚೆಗೆ ನಿಮ್ಮ ಇಲಾಖೆ ಏನು ಮಾಡುತ್ತದೆ ಎಂದು ಕೇಳಲು ಈ ಪತ್ರ.

ಹೆರಾಯಿನ್, ಫೆಂಟನಿಲ್ ಎಂಬ ಅತಿ ಪ್ರಬಲ ನೋವುನಿವಾರಕ, ಮಿತಿಮೀರಿ ನುಂಗಿದ ಕೆಲವು ನೋವಿನ ಮಾತ್ರೆಗಳು: ಅಫೀಮು ಬಗೆಯ ಈ ಮಾದಕಗಳು ಜೀವ ತೆಗೆಯುವುದು ಉಸಿರಾಟವನ್ನು ಕುಗ್ಗಿಸಿ. ಜೊತೆಗೆ ಮದ್ಯವೋ ನಿದ್ರೆ ಮಾತ್ರೆಯೋ ಸೇರಿದರೆ ಅಪಾಯ ಇನ್ನೂ ಹೆಚ್ಚು. ಎಷ್ಟೋ ಸಲ ಪಕ್ಕದಲ್ಲೇ ಯಾರಾದರೂ ಇರುತ್ತಾರೆ. ‘ಗೊರಕೆ ಹೊಡೆಯುತ್ತಿದ್ದಾನೆ, ಮಲಗಲಿ ಬಿಡು’ ಎಂದು ಬಾಗಿಲು ಮುಂದೆ ಮಾಡಿ ಹೋಗುತ್ತಾರೆ. ಗಂಟಲಿನಲ್ಲಿ ಗೊರಗೊರ ಸದ್ದು, ನೀಲಿಗಟ್ಟಿದ ತುಟಿ ಮತ್ತು ಉಗುರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಅಲುಗಾಡಿಸಿದರೂ ಬಾರದ ಎಚ್ಚರ: ಇಷ್ಟನ್ನು ಗುರುತಿಸಲು ವೈದ್ಯಕೀಯ ಪದವಿ ಬೇಕಿಲ್ಲ. ಆದರೆ ಯಾರಾದರೂ ಹೇಳಿಕೊಟ್ಟಿರಬೇಕು.

ಇದಕ್ಕೆ ಮದ್ದಿದೆ. ನಲೋಕ್ಸೋನ್ ಅಮೆರಿಕದಲ್ಲಿ 1971ರಲ್ಲೇ ಅನುಮತಿ ಪಡೆದ ಔಷಧ. ಚುಚ್ಚುಮದ್ದಾಗಿ ಕೊಡಬಹುದು, ಮೂಗಿಗೆ ಸಿಂಪಡಿಸಲೂಬಹುದು. ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಇದಕ್ಕೆ ಚಟ ಹತ್ತುವುದಿಲ್ಲ. ಬಿದ್ದವರು ಅಫೀಮು ಬಗೆಯ ಮಾದಕ ಸೇವಿಸಿರದಿದ್ದರೂ ಕೊಟ್ಟದ್ದರಿಂದ ಕೇಡಿಲ್ಲ. ಇದರ ಪರಿಣಾಮ ಮಾದಕದ ಅಮಲಿಗಿಂತ ಮೊದಲೇ ಇಳಿಯಬಹುದಾದ್ದರಿಂದ ಆಂಬುಲೆನ್ಸ್ ಬರಲೇಬೇಕು. ಅಲ್ಲಿಯವರೆಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಉಸಿರು ಮರಳಿದ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಇಂಥ ಘಟನೆ ಕಣ್ಣೆದುರು ನಡೆಯಬಹುದಾದ ಎಲ್ಲರ ಕೈಗೂ ಈ ಮದ್ದು ಸಿಗಲಿ, ಬಳಕೆಯ ತರಬೇತಿಯೂ ಸಿಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಶಿಫಾರಸು ಮಾಡಿದೆ. ತಾಯಂದಿರು, ಗೆಳೆಯರು, ವಸತಿಗೃಹದ ಕಾವಲುಗಾರರು ಎಲ್ಲರೂ ಆ ಮಾತಿನೊಳಗೆ ಬರುತ್ತಾರೆ. ಬೀಗ ಹಾಕಿದ ಆಸ್ಪತ್ರೆ ಕಪಾಟಿನಲ್ಲಿ ಅದನ್ನಿಟ್ಟು ಯಾರನ್ನು ಉಳಿಸುತ್ತೀರಿ?

ಮದ್ದು ಕೊಟ್ಟರೂ ಭಯ ಹೋಗದಿದ್ದರೆ ಪ್ರಯೋಜನವಿಲ್ಲ. ಕರೆ ಮಾಡಿದರೆ ಆಂಬುಲೆನ್ಸಿನ ಹಿಂದೆಯೇ ಪೊಲೀಸರೂ ಬರುತ್ತಾರೆಂದು ಗೊತ್ತಿರುವ ಹುಡುಗ ಗೆಳೆಯನನ್ನು ಅಲ್ಲೇ ಬಿಟ್ಟು ಓಡುತ್ತಾನೆ. ಅವನನ್ನು ಹೇಡಿ ಎನ್ನುವುದು ಸುಲಭ. ಹಾಗೆ ಓಡುವಂತೆ ಮಾಡಿದ್ದು ಕಾನೂನು. ಜೀವ ಉಳಿಸಲು ಕರೆ ಮಾಡಿದವರ ಮೇಲೆ ಸೇವನೆಯ ಮೊಕದ್ದಮೆ ಹೂಡುವುದಿಲ್ಲ ಎಂಬ ರಕ್ಷಣೆ ಬರಹದಲ್ಲಿ ಬೇಕು. ಗೃಹ ಸಚಿವರ ಜೊತೆ ಕುಳಿತು ಮಾತಾಡಬೇಕಾದವರು ನೀವೇ.

ಇನ್ನೊಂದು ಮಾತು. ಜೈಲಿನಿಂದ ಅಥವಾ ಚಟ ಬಿಡಿಸುವ ಕೇಂದ್ರದಿಂದ ಹೊರಬಂದ ಮೊದಲ ಕೆಲವು ವಾರಗಳು ಅತಿ ಅಪಾಯಕಾರಿ. ದೇಹ ಹಳೆಯ ಪ್ರಮಾಣ ತಾಳುವ ಶಕ್ತಿ ಕಳೆದುಕೊಂಡಿರುತ್ತದೆ, ಕೈ ಮಾತ್ರ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತದೆ. ‘ಗುಣಮುಖ’ ಎಂದು ಬರೆದು ಕಳಿಸಿದರೆ ಕೆಲಸ ಮುಗಿಯಿತೇ? ಅಫೀಮು ಬಗೆಯ ಚಟದ ಚಿಕಿತ್ಸೆಗೆ ಕೊಡುವ ಮೆಥಡೋನ್, ಬುಪ್ರೆನಾರ್ಫಿನ್ ಎರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಒಳಗಿದ್ದಾಗಲೇ ಆ ಚಿಕಿತ್ಸೆ ಆರಂಭವಾಗಲಿ, ಹೊರಗೂ ಮುಂದುವರಿಯಲಿ; ಬಿಡುಗಡೆಯಾದವರ ಚೀಲದಲ್ಲಿ ನಲೋಕ್ಸೋನ್ ಇರಲಿ.

ಶಾಲೆಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೆದರಿಸುವ ಉಪನ್ಯಾಸದಿಂದ ಹೆಚ್ಚೇನೂ ಸಾಧಿಸಿದ್ದಿಲ್ಲ. ಐಸ್‌ಲ್ಯಾಂಡ್ 1990ರ ದಶಕದ ಕೊನೆಯಿಂದ ಹದಿಹರೆಯದವರಿಗೆ ಆಟ, ಸಂಗೀತಗಳಿಗೆ ಅವಕಾಶ ಹೆಚ್ಚಿಸಿ, ಪೋಷಕರನ್ನೂ ಜೊತೆಗೆ ಸೇರಿಸಿಕೊಂಡಿತು. ಅಲ್ಲಿನ ಮಕ್ಕಳಲ್ಲಿ ಕುಡಿತ, ಧೂಮಪಾನ ಗಣನೀಯವಾಗಿ ಇಳಿದವು.

ಮುಂದಿನ ಬಜೆಟ್‌ನಲ್ಲಿ ಜಾಥಾ ವೆಚ್ಚದ ಕೆಳಗೆ ನಲೋಕ್ಸೋನ್ ಖರೀದಿಗೂ ಒಂದು ಸಾಲಿರಲಿ. ಎಷ್ಟು ಕೊಳ್ಳುತ್ತೀರಿ, ಯಾರ ಕೈಗೆ ಕೊಡುತ್ತೀರಿ, ಯಾವ ದಿನಾಂಕದಿಂದ ಎಂಬುದನ್ನು ಬರಹದಲ್ಲಿ ತಿಳಿಸಿ.

ಇತಿ,
ಒಬ್ಬ ಮತದಾರ